ಇದ್ದ ತಂತಿಯಲ್ಲೇ ಕೊಟ್ಟಿಗೆಗೆ ಇಂಟರ್ನೆಟ್ಟು

ನಡುಮನೆಗೆ ಬಂದ ಇಂಟರ್ನೆಟ್ಟು ಹಿತ್ತಿಲ ಕೊಟ್ಟಿಗೆಗೆ ಮುಟ್ಟೋದಿಲ್ಲ. ದಿನ ತುಂಬಿದ ಹಸುವನ್ನು ರಾತ್ರಿ ಕ್ಯಾಮೆರಾದಲ್ಲಿ ನೋಡಿಕೊಳ್ಳಬೇಕಾದರೆ ಏನು ಮಾಡೋದು? ಹೊಸ ತಂತಿ ಬೇಡ. ದೀಪಕ್ಕೆ ಎಳೆದ ತಂತಿಯೇ ಸಾಕು.

ಇದಕ್ಕೆ ಪವರ್‌ಲೈನ್ ಅಡಾಪ್ಟರ್ ಎಂಬ ಜೋಡಿ ಡಬ್ಬಿಗಳು ಸಿಗುತ್ತವೆ. ಒಂದನ್ನು ನಡುಮನೆಯ ಪ್ಲಗ್ಗಿಗೆ ಹಾಕಿ ರೂಟರಿಗೆ ಸೇರಿಸಬೇಕು. ಇನ್ನೊಂದನ್ನು ಕೊಟ್ಟಿಗೆಯ ಪ್ಲಗ್ಗಿಗೆ ಹಾಕಿ ಕ್ಯಾಮೆರಾಕ್ಕೆ ಸೇರಿಸಬೇಕು. ರಾಗಿ ಹೊಲದಲ್ಲಿ ಅವರೆಯ ಅಕ್ಕಡಿ ಸಾಲು ಇದ್ದಂತೆ ಇದು. ಕರೆಂಟು ಸೆಕೆಂಡಿಗೆ 50 ಸಲ ಮಿಡಿದರೆ, ಇಂಟರ್ನೆಟ್ಟಿನ ಸಂಕೇತ 20 ಲಕ್ಷ ಸಲಕ್ಕೂ ಹೆಚ್ಚು ಮಿಡಿಯುತ್ತದೆ. ಆದ್ದರಿಂದ ಒಂದೇ ತಂತಿಯಲ್ಲಿ ಬಂದರೂ ಡಬ್ಬಿ ಎರಡನ್ನೂ ಬೇರೆ ಮಾಡಿಕೊಳ್ಳುತ್ತದೆ.

ದುಡ್ಡು ಕೊಡುವ ಮುಂಚೆ ಮೂರು ಮಾತು ನೆನಪಿಡಿ. ಒಂದು: ಎರಡು ಕಡೆಯೂ ಒಂದೇ ಮೀಟರಿನ, ಆದಷ್ಟೂ ಒಂದೇ ಫೇಸಿನ ಲೈನು ಇರಬೇಕು. ಬೇರೆ ಟಿ.ಸಿ.ಯಿಂದ ಲೈನು ಪಡೆದ ಪಂಪ್‌ಸೆಟ್ ಮನೆಗೆ ಇದನ್ನು ನಂಬಿ ದುಡ್ಡು ಹಾಕಬೇಡಿ. ಎರಡು: ಗೋಡೆಯ ಪ್ಲಗ್ಗಿಗೇ ನೇರವಾಗಿ ಹಾಕಿ, ಎಕ್ಸ್‌ಟೆನ್ಷನ್ ಬೋರ್ಡು ಬೇಡ. ಮೂರು: ಮೇವು ಕತ್ತರಿಸುವ ಮೋಟಾರು ತಿರುಗುವಾಗ ವೇಗ ಕುಗ್ಗಬಹುದು, ಕರೆಂಟು ಹೋದರೆ ಡಬ್ಬಿಯೂ ನಿಲ್ಲುತ್ತದೆ. ಅಂಥ ರಾತ್ರಿ ನೀವೇ ಎದ್ದು ಹೋಗಿ ನೋಡಬೇಕು.

ಕೊಟ್ಟಿಗೆಯ ವೈರು ಹಳತಾಗಿ ಸಿಪ್ಪೆ ಬಿಟ್ಟಿದ್ದರೆ, ಅರ್ಥಿಂಗು ಇಲ್ಲದಿದ್ದರೆ, ಬಲ್ಲ ಎಲೆಕ್ಟ್ರಿಷಿಯನ್ನರಿಂದ ಮೊದಲು ಅದನ್ನು ಸರಿಮಾಡಿಸಿ. ಹಸುವನ್ನು ಕಾಯಲು ಹೋಗಿ ಹಸುವಿಗೇ ಕರೆಂಟು ಹೊಡೆಯುವಂತೆ ಆಗಬಾರದು.