ಹಳತೆನಿಸದ ಅಡಿಗೆಮನೆ

ಸೀರೆಯ ಬಣ್ಣ ಬೇಸರವಾದರೆ ಬೇರೊಂದನ್ನು ಉಡಬಹುದು. ಅಡಿಗೆಮನೆಯ ಕಪಾಟಿನ ಬಣ್ಣ ಬೇಸರವಾದರೆ ಬಡಗಿಯನ್ನೇ ಕರೆಸಬೇಕು. ಆದುದರಿಂದ ಅಂಗಡಿಯಲ್ಲಿ ಮೆರೆಯುವುದಕ್ಕಿಂತ ಒಲೆಯ ಬಳಿ ಬಾಳುವುದನ್ನು ಆರಿಸುವುದು ಜಾಣತನ.

1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಹೊಸ ವಸತಿಗಳಿಗಾಗಿ ಮಾರ್ಗರೆಟ್ ಶ್ಯೂಟೆ-ಲಿಹೊಟ್ಸ್ಕಿ ಎಂಬ ಮಹಿಳೆ ಪುಟ್ಟದೊಂದು ಅಡಿಗೆಮನೆಯನ್ನು ರೂಪಿಸಿದರು. ಹಿಟ್ಟಿಗೆ ಹುಳು ಬೀಳದಿರಲೆಂದು ಅದರ ಡ್ರಾಯರುಗಳಿಗೆ ಓಕ್ ಮರ. ಚಾಕುವಿನ ಗೀರನ್ನೂ ಕಲೆಯನ್ನೂ ತಾಳಲೆಂದು ಕೆಲಸದ ಹಲಗೆಗೆ ಬೀಚ್ ಮರ. ಒಂದೊಂದಕ್ಕೂ ಕಾರಣವಿದ್ದುದರಿಂದ ಅದು ಇಂದಿಗೂ ಕಣ್ಣಿಗೆ ಒಪ್ಪುತ್ತದೆ. ನಮ್ಮ ಹಳೆಯ ಮನೆಗಳ ಕಡಪಾ ಕಲ್ಲಿನ ಗೂಡುಗಳೂ ಹಾಗೆಯೇ.

ನಮ್ಮಲ್ಲಿ ಒಗ್ಗರಣೆಯ ಜಿಡ್ಡು, ಕುಕ್ಕರಿನ ಹಬೆ ಹೆಚ್ಚು. ಕಪಾಟಿನ ಒಡಲಿಗೆ, ಅದರಲ್ಲೂ ತೊಟ್ಟಿಯ ಕೆಳಗೆ, ಐ.ಎಸ್. 710 ಗುರುತಿನ, ನೀರು ತಾಳುವ ಪ್ಲೈವುಡ್ ಹಾಕಿಸಿ. ಅಂಚುಗಳಿಗೆಲ್ಲ ಪಟ್ಟಿ ಅಂಟಿಸಿರಲಿ. ತೇವ ಮೊದಲು ನುಗ್ಗುವುದು ಅಲ್ಲಿಂದಲೇ. ಬಾಗಿಲುಗಳಿಗೆ ತಿಳಿಬಣ್ಣದ, ಹೊಳಪು ಕಡಿಮೆಯಿರುವ ಲ್ಯಾಮಿನೇಟ್ ಲೇಸು. ಕನ್ನಡಿಯಂತೆ ಮಿರುಗುವುದು ಬೆರಳಿನ ಗುರುತನ್ನೂ ಗೀರನ್ನೂ ಎತ್ತಿ ತೋರಿಸುತ್ತದೆ.

ಗಾಢಬಣ್ಣದ ಆಸೆಯನ್ನು ಗೋಡೆಯ ಸುಣ್ಣಬಣ್ಣದಲ್ಲಿ, ಡಬ್ಬಿಗಳ ಸಾಲಿನಲ್ಲಿ ತೀರಿಸಿಕೊಳ್ಳಿ; ಬದಲಿಸಲು ಖರ್ಚು ಅಲ್ಪ. ಒಡಲು ಗಟ್ಟಿಯಾಗಿದ್ದರೆ ಮುಂದೊಂದು ದಿನ ಬಾಗಿಲುಗಳನ್ನಷ್ಟೇ ಹೊಸದು ಮಾಡಿದರೂ ಅಡಿಗೆಮನೆ ಹೊಸದಾದೀತು.