ಅಂಗಮರ್ದನ ವಿದ್ಯೆಗೆ ಮಾನ ತಂದ ಅಧ್ಯಾಪಕಿಯರು

ಮೈಗೆ ಎಣ್ಣೆ ಹಚ್ಚಿ ನೀವುವ ಕಲೆ ಕನ್ನಡ ನಾಡಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ವು ರಾಜನ ಸ್ನಾನಭೋಗವನ್ನು ವರ್ಣಿಸುವಾಗ ತೈಲಾಭ್ಯಂಗಕ್ಕೂ ಸ್ಥಾನ ಕೊಟ್ಟಿದೆ. ಗರಡಿಮನೆಯ ಉಸ್ತಾದನೂ ಬಾಣಂತಿಗೆ ಎಣ್ಣೆಯೊತ್ತಿ ನೀರೆರೆಯುವ ಸೂಲಗಿತ್ತಿಯೂ ಈ ವಿದ್ಯೆಯನ್ನು ತಲೆಮಾರುಗಳಿಂದ ಕಾಯ್ದುಕೊಂಡು ಬಂದವರೇ. ಆದರೆ ಇವರಿಗೆ ಕಲಿಸಿದವರು ಯಾರು ಎಂದು ಕೇಳಿದರೆ ಉತ್ತರ ದೊರೆಯುವುದು ದುರ್ಲಭ. ವಿದ್ಯೆ ಕೈಯಿಂದ ಕೈಗೆ ದಾಟಿತು; ಕಲಿಸಿದವರ ಹೆಸರು ಎಲ್ಲಿಯೂ ದಾಖಲೆಗೆ ಬರಲಿಲ್ಲ. ಕೈಯ ಕಸುಬೊಂದು ಪಾಠಕ್ರಮವಾಗಿ, ಪರೀಕ್ಷೆಯಾಗಿ, ಕಲಿಸುವವರಿಗೆ ಮನ್ನಣೆ ತರುವ ವೃತ್ತಿಯಾಗಿ ಮಾರ್ಪಡುವ ಬಗೆ ಹೇಗೆ, ಅದಕ್ಕೆ ತೆರಬೇಕಾದ ಬೆಲೆ ಏನು ಎಂಬುದನ್ನು ಅರಿಯಲು ಲಂಡನ್ ನಗರದ ಇತಿಹಾಸವು ಒಳ್ಳೆಯ ನಿದರ್ಶನವಾಗಿದೆ.

ಯೂರೋಪಿನಲ್ಲಿ ಈ ವಿದ್ಯೆಗೆ ಶಾಸ್ತ್ರದ ರೂಪ ಬರತೊಡಗಿದುದು ಹತ್ತೊಂಬತ್ತನೆಯ ಶತಮಾನದಲ್ಲಿ. ಸ್ವೀಡನ್ನಿನ ಪೆರ್ ಹೆನ್ರಿಕ್ ಲಿಂಗ್ 1813ರಲ್ಲಿ ಸ್ಟಾಕ್‌ಹೋಮಿನಲ್ಲಿ ವ್ಯಾಯಾಮ ವಿದ್ಯಾಲಯವೊಂದನ್ನು ಸ್ಥಾಪಿಸಿ, ರೋಗಚಿಕಿತ್ಸೆಗೆಂದೇ ಚಲನಕ್ರಮಗಳನ್ನು ಬೋಧಿಸಿದನು. ‘ಸ್ವೀಡಿಷ್ ಮಸಾಜ್’ ಎಂಬ ಹೆಸರಿನಿಂದ ಪ್ರಸಿದ್ಧವಾದ ಪದ್ಧತಿಯನ್ನು ಲೋಕವು ಈತನಿಗೇ ಆರೋಪಿಸುವುದುಂಟು. ಆದರೆ ಸವರುವುದು, ಹಿಸುಕುವುದು, ತಿಕ್ಕುವುದು, ತಟ್ಟುವುದು ಎಂಬ ವಿಭಾಗಗಳನ್ನು ಫ್ರೆಂಚ್ ಹೆಸರುಗಳೊಂದಿಗೆ ವ್ಯವಸ್ಥೆಗೊಳಿಸಿದ ಕೀರ್ತಿ ಸಾಮಾನ್ಯವಾಗಿ ಸಲ್ಲುವುದು ಆಮ್‌ಸ್ಟರ್‌ಡಾಮಿನ ವೈದ್ಯ ಯೋಹಾನ್ ಗೇಯೋರ್ಗ್ ಮೆಟ್ಸ್‌ಗರನಿಗೆ. ವಿಭಾಗಕ್ಕೊಂದು ಹೆಸರು ಬಂದೊಡನೆ ವಿದ್ಯೆಯನ್ನು ಬರೆದು ಕಲಿಸುವುದೂ ಪ್ರಶ್ನೆ ಕೇಳಿ ಪರೀಕ್ಷಿಸುವುದೂ ಸಾಧ್ಯವಾಯಿತು.

ಶತಮಾನದ ಕೊನೆಗೆ ಲಂಡನ್ನಿನಲ್ಲಿ ಈ ಚಿಕಿತ್ಸೆಗೆ ಬಹಳ ಬೇಡಿಕೆ ಉಂಟಾಯಿತು. ಬೇಡಿಕೆಯ ಬೆನ್ನಿಗೇ ಅಪಕೀರ್ತಿಯೂ ಬಂದಿತು. ಅಂಗಮರ್ದನದ ಹೆಸರಿನಲ್ಲಿ ವೇಶ್ಯಾವಾಟಿಕೆಗಳು ನಡೆಯುತ್ತಿವೆಯೆಂದು 1894ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಪತ್ರಿಕೆ ಕಟುವಾಗಿ ಬರೆಯಿತು. ಪ್ರಾಮಾಣಿಕವಾಗಿ ದುಡಿದು ಬದುಕುತ್ತಿದ್ದ ದಾದಿಯರಿಗೆ ಇದು ಅನ್ನಕ್ಕೂ ಮಾನಕ್ಕೂ ಒದಗಿದ ಕುತ್ತಾಗಿತ್ತು. ಮನೆಯೊಂದರ ಬಾಗಿಲಲ್ಲಿ ನಿಂತ ಹೆಂಗಸು ತಾನು ಯಾವ ಬಗೆಯವಳೆಂದು ಏನನ್ನು ತೋರಿಸಿ ಸಾಧಿಸಬೇಕು?

ಅದೇ ವರ್ಷ ರೋಸಲಿಂಡ್ ಪ್ಯಾಜೆಟ್, ಲೂಸಿ ರಾಬಿನ್‌ಸನ್, ಮಾರ್ಗರೆಟ್ ಪಾಮರ್, ಆನಿ ಮ್ಯಾನ್ಲಿ ಎಂಬ ನಾಲ್ವರು ಮಹಿಳೆಯರು ಕೂಡಿ ‘ಸೊಸೈಟಿ ಆಫ್ ಟ್ರೇನ್ಡ್ ಮಸ್ಯೂಸಸ್’ ಎಂಬ ಸಂಘವನ್ನು ಸ್ಥಾಪಿಸಿದರು. ಪ್ಯಾಜೆಟ್‌ಳಿಗೆ ಸಂಘಟನೆಯ ಅನುಭವ ಮೊದಲೇ ಇತ್ತು. ಆಕೆ ದಾದಿ, ಸೂಲಗಿತ್ತಿ. ಮನೆಮನೆಗೆ ಹೋಗಿ ಶುಶ್ರೂಷೆ ಮಾಡುವ ‘ಕ್ವೀನ್ಸ್ ನರ್ಸ್’ಗಳ ಪಟ್ಟಿಯಲ್ಲಿ ಮೊದಲಿಗಳು. ಸೂಲಗಿತ್ತಿಯರ ವಿದ್ಯೆಗೆ ಶಾಸನದ ರಕ್ಷಣೆ ದೊರಕಿಸಲು ದುಡಿದವರಲ್ಲಿಯೂ ಆಕೆ ಒಬ್ಬಳು; ಆ ಶಾಸನ 1902ರಲ್ಲಿ ಅಂಗೀಕಾರವಾಯಿತು. ಪಾಮರ್ ಅಧ್ಯಾಪನದಲ್ಲಿ ಹೆಸರಾಗಿ, ವಿದ್ಯಾರ್ಥಿನಿಯರಿಗಾಗಿ ಪಠ್ಯಗ್ರಂಥವನ್ನೂ ರಚಿಸಿದಳು.

ಸಂಘದ ಉಪಾಯ ಎರಡು ಬಗೆಯದು. ಮೊದಲನೆಯದು ಪರೀಕ್ಷೆ: ಶರೀರರಚನೆಯನ್ನು ಓದಿ, ಪರೀಕ್ಷಕರ ಮುಂದೆ ಕೈಚಳಕವನ್ನೂ ತೋರಿಸಿದವಳಿಗೆ ಮಾತ್ರ ಪ್ರಮಾಣಪತ್ರ. ಎರಡನೆಯದು ನಡತೆಯ ನಿಯಮ. ವೈದ್ಯರ ನಿರ್ದೇಶನವಿಲ್ಲದೆ ಚಿಕಿತ್ಸೆ ಮಾಡಕೂಡದು. ವಿಶೇಷ ಸಂದರ್ಭದ ಹೊರತು ಪುರುಷರಿಗೆ ಮರ್ದನ ಮಾಡಕೂಡದು. ಸಾಮಾನ್ಯ ಪತ್ರಿಕೆಗಳಲ್ಲಿ ಜಾಹೀರಾತು ಕೊಡಕೂಡದು. ರೋಗಿಗಳಿಗೆ ಔಷಧಿ ಮಾರಕೂಡದು. ಹೀಗೆ ಬಾಗಿಲಲ್ಲಿ ನಿಂತ ಹೆಂಗಸಿನ ಕೈಗೆ ತೋರಿಸಲು ಒಂದು ಪತ್ರ ಬಂದಿತು. ಆದರೆ ಅದರೊಡನೆ ಒಂದು ಕಟ್ಟೂ ಬಂದಿತು. ಯಾರಿಗೆ, ಯಾವಾಗ, ಎಷ್ಟು ಚಿಕಿತ್ಸೆ ಬೇಕೆಂಬ ನಿರ್ಣಯವನ್ನು ಅವಳು ವೈದ್ಯನಿಗೆ ಬಿಟ್ಟುಕೊಟ್ಟಳು. ಗೌರವವನ್ನು ಪಡೆಯಲು ಸ್ವಾತಂತ್ರ್ಯವನ್ನು ಒತ್ತೆಯಿಟ್ಟಂತಾಯಿತು.

ಸಂಘದ ಯೋಗ್ಯತೆಯನ್ನು ಒರೆಗೆ ಹಚ್ಚಿದುದು ಮೊದಲನೆಯ ಮಹಾಯುದ್ಧ. 1914ರಲ್ಲಿ ‘ಆಲ್ಮೆರಿಕ್ ಪ್ಯಾಜೆಟ್ ಮಿಲಿಟರಿ ಮಸಾಜ್ ಕೋರ್’ ಎಂಬ ದಳ ಏರ್ಪಟ್ಟು, ತರಬೇತಿ ಪಡೆದ ಮಹಿಳೆಯರು ಗಾಯಾಳು ಸೈನಿಕರ ಸೇವೆಗೆ ತೊಡಗಿದರು. ಮುರಿದ ಮೂಳೆ ಕೂಡಿಕೊಂಡ ಮೇಲೂ ಬಿಗಿದುಕೊಂಡೇ ಉಳಿಯುವ ಕೀಲು, ಬಳಕೆಯಿಲ್ಲದೆ ಸೊರಗುವ ಸ್ನಾಯು, ಇವುಗಳಿಗೆ ಶಸ್ತ್ರವೈದ್ಯನ ಚಾಕುವಿನಿಂದ ಉಪಾಯವಿರಲಿಲ್ಲ; ಕೈಯ ಉಪಚಾರವೂ ಕ್ರಮವರಿತ ವ್ಯಾಯಾಮವೂ ಬೇಕಾಗಿದ್ದವು. ಪುರುಷರನ್ನು ಮುಟ್ಟಲು ಹಿಂಜರಿಯಬೇಕೆಂದಿದ್ದ ನಿಯಮದ ಅರ್ಥವು ಆಸ್ಪತ್ರೆಯ ಸಾಲುಮಂಚಗಳ ನಡುವೆ ತಾನಾಗಿಯೇ ಬದಲಾಯಿತು. ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಲ್ಲಿ ಕೆಲವರು ಲಂಡನ್ನಿನ ಸೇಂಟ್ ಡನ್‌ಸ್ಟನ್ಸ್ ಸಂಸ್ಥೆಯ ಮೂಲಕ ಇದೇ ವಿದ್ಯೆಯನ್ನು ಕಲಿತು ಸ್ವತಂತ್ರವಾಗಿ ಬಾಳಿದರು. ಜಪಾನಿನಲ್ಲಿ ಇಂಥ ಪರಂಪರೆ ಮೊದಲೇ ಇತ್ತು. ಅಲ್ಲಿ ಅಂಧನಾದ ಸುಗಿಯಾಮಾ ವಾಯಿಚಿ ಎಂಬ ಗುರು ಹದಿನೇಳನೆಯ ಶತಮಾನದಲ್ಲಿಯೇ ಅಂಧರಿಗೆ ಸೂಚಿಚಿಕಿತ್ಸೆಯನ್ನೂ ಮರ್ದನವನ್ನೂ ಕಲಿಸುವ ವಿದ್ಯಾಕೇಂದ್ರವನ್ನು ನಡೆಸಿದ್ದನು.

ಸಂಘಕ್ಕೆ 1920ರಲ್ಲಿ ರಾಜಸನದು ದೊರೆಯಿತು. 1944ರಲ್ಲಿ ಅದು ‘ಚಾರ್ಟರ್ಡ್ ಸೊಸೈಟಿ ಆಫ್ ಫಿಸಿಯೋಥೆರಪಿ’ ಎಂಬ ಹೆಸರನ್ನು ತಳೆಯಿತು. ಯಾವ ಪದದ ಮಾನವನ್ನು ಕಾಯಲು ಸಂಘ ಹುಟ್ಟಿತೋ ಆ ‘ಮಸಾಜ್’ ಪದವೇ ಹೆಸರಿನಿಂದ ಮರೆಯಾಯಿತು. ಒತ್ತೆಯಿಟ್ಟ ಸ್ವಾತಂತ್ರ್ಯ ಹಿಂದಿರುಗಲು ಇನ್ನೂ ಕಾಲ ಹಿಡಿಯಿತು: ಚಿಕಿತ್ಸೆಯ ಬಗೆಯನ್ನು ತಾವೇ ನಿರ್ಧರಿಸುವ ಅಧಿಕಾರವನ್ನು ಬ್ರಿಟಿಷ್ ಸರ್ಕಾರದ ಸುತ್ತೋಲೆ ಒಪ್ಪಿಕೊಂಡುದು 1977ರಲ್ಲಿ, ಎಂದರೆ ಸಂಘ ಹುಟ್ಟಿದ ಎಂಬತ್ತಮೂರು ವರ್ಷಗಳ ತರುವಾಯ.

ಈ ಪರಂಪರೆಯ ಒಂದು ಕವಲು ಭಾರತಕ್ಕೂ ಬಂದಿತು. ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ 1950ರ ದಶಕದ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಫಿಸಿಯೋಥೆರಪಿ ಶಾಲೆ ತೆರೆಯಿತು. 2021ರಲ್ಲಿ ಸಂಸತ್ತು ಅಂಗೀಕರಿಸಿದ ಪೂರಕ ಆರೋಗ್ಯ ವೃತ್ತಿಗಳ ಕಾಯಿದೆಯು ಫಿಸಿಯೋಥೆರಪಿಯ ಶಿಕ್ಷಣಕ್ಕೂ ನೋಂದಣಿಗೂ ರಾಷ್ಟ್ರಮಟ್ಟದ ಚೌಕಟ್ಟನ್ನು ಒದಗಿಸಿತು.

ಹೀಗೆ ಪದವಿ ಪಡೆದ ಚಿಕಿತ್ಸಕನಿಗೆ ಶಾಸನದಲ್ಲಿ ಸ್ಥಾನ ದೊರೆತಿದೆ. ಬಾಣಂತಿಯ ಸೊಂಟವನ್ನು ಎಲ್ಲಿ ಒತ್ತಬೇಕು, ಎಲ್ಲಿ ಒತ್ತಬಾರದು ಎಂದು ಬೆರಳ ತುದಿಯಲ್ಲಿ ಬಲ್ಲ ಮುದುಕಿಗೆ ಅಂಥ ಪತ್ರವಿಲ್ಲ. ಅವಳ ವಿದ್ಯೆಯಲ್ಲಿ ಉಳಿಸಿಕೊಳ್ಳತಕ್ಕುದು ಯಾವುದು, ಬಿಡತಕ್ಕುದು ಯಾವುದು ಎಂದು ಪರೀಕ್ಷಿಸಿ ಬರೆದಿಡುವ ಕಾರ್ಯವಾದರೂ ಅವಳ ಕೈಗಳು ಇರುವಾಗಲೇ ನಡೆಯತಕ್ಕುದು. ಲಂಡನ್ನಿನ ಆ ನಾಲ್ವರು ಮಹಿಳೆಯರು ಮೊದಲು ಮಾಡಿದ ಕೆಲಸವೂ ಅದೇ: ಕೈ ಬಲ್ಲುದನ್ನು ಮಾತಿಗೆ ತಂದು, ಅದನ್ನು ಇನ್ನೊಬ್ಬರಿಗೆ ಕಲಿಸುವಂತೆ ಮಾಡಿದುದು.