ಕಿವಿಮೊರೆತ: ಕಾರಣ ಮತ್ತು ಚಿಕಿತ್ಸೆ

ಹೊರಗೆ ಯಾವ ಸದ್ದೂ ಇಲ್ಲದಿರುವಾಗ ಕಿವಿಯೊಳಗೆ ಜೀರುಂಡೆ ಕೂಗಿದಂತೆ, ಶಿಳ್ಳೆ ಹಾಕಿದಂತೆ ಅಥವಾ ಹಬೆ ಹೊರಟಂತೆ ಕೇಳಿಸುವುದನ್ನು ಕಿವಿಮೊರೆತವೆನ್ನುತ್ತಾರೆ. ಆಯುರ್ವೇದದಲ್ಲಿ ಇದು ಕರ್ಣನಾದ. ಇಂದಿನ ವೈದ್ಯರ ಮಾತಿನಲ್ಲಿ ಟಿನ್ನಿಟಸ್. ಪಕ್ಕದಲ್ಲಿರುವವರಿಗೆ ಕೇಳಿಸದ ಕಾರಣ ಇದನ್ನು ಮನಸ್ಸಿನ ಭ್ರಮೆಯೆಂದು ತಳ್ಳಿಹಾಕುವವರಿದ್ದಾರೆ. ಅದು ತಪ್ಪು.

ಒಳಕಿವಿಯ ಶಂಖಾಕೃತಿಯ ಸುರುಳಿಯಲ್ಲಿ ಸುಮಾರು 15,000 ಸೂಕ್ಷ್ಮ ರೋಮಕೋಶಗಳಿವೆ. ಶಬ್ದದ ಕಂಪನವನ್ನು ನರಸಂಕೇತವಾಗಿ ಮಾರ್ಪಡಿಸುವುದು ಇವುಗಳ ಕೆಲಸ. ಮನುಷ್ಯರಲ್ಲಿ ಇವು ಒಮ್ಮೆ ನಾಶವಾದರೆ ಮತ್ತೆ ಹುಟ್ಟುವುದಿಲ್ಲ. ವೃದ್ಧಾಪ್ಯ, ಸ್ಟ್ರೆಪ್ಟೊಮೈಸಿನ್, ಜೆಂಟಮೈಸಿನ್‌ನಂತಹ ಕೆಲವು ಔಷಧಿಗಳು, ಎಲ್ಲಕ್ಕಿಂತ ಮುಖ್ಯವಾಗಿ ವರ್ಷಗಟ್ಟಲೆಯ ಗದ್ದಲ ಇವನ್ನು ಕೊಲ್ಲುತ್ತವೆ. ಸೊಲ್ಲಾಪುರ, ಇಚಲಕರಂಜಿಗಳ ವಿದ್ಯುತ್ ಮಗ್ಗಗಳ ನಡುವೆ ದುಡಿದವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಕಿವಿಯಿಂದ ಬರುವ ಸಂಕೇತ ಕ್ಷೀಣಿಸಿದಾಗ ಮಿದುಳು, ರೇಡಿಯೋ ಧ್ವನಿ ಕುಗ್ಗಿದಾಗ ಗುಂಡಿ ತಿರುಗಿಸುವ ಶ್ರೋತೃವಿನಂತೆ, ತನ್ನ ಗ್ರಹಣಶಕ್ತಿಯನ್ನು ಏರಿಸಿಕೊಳ್ಳುತ್ತದೆ. ಆಗ ಕೇಳಿಬರುವ ಗರಗರ ಸದ್ದೇ ಮೊರೆತವೆಂಬುದು ಅನೇಕ ತಜ್ಞರ ಅಭಿಪ್ರಾಯ.

ಕೆಲವೊಮ್ಮೆ ಕಾರಣ ತೀರ ಸಾಮಾನ್ಯ: ಗಟ್ಟಿಯಾದ ಗುಗ್ಗೆ. ವೈದ್ಯರು ಅದನ್ನು ತೆಗೆದೊಡನೆ ಸದ್ದು ನಿಲ್ಲಬಹುದು. ಆದರೆ ಹೇರ್‌ಪಿನ್ನಿನಿಂದ ಕೆದಕುವುದು, ಕಾದ ಎಣ್ಣೆ ಬಿಡುವುದು ತಮಟೆಗೆ ಅಪಾಯಕರ.

ಮೊರೆತವನ್ನು ಪೂರ್ಣವಾಗಿ ಅಳಿಸುವ ಮಾತ್ರೆ ಇಲ್ಲ. ಹಾಗೆಂದು ಮಾರುವವರನ್ನು ನಂಬಬಾರದು. ಆದರೆ "ಏನೂ ಮಾಡಲಾಗದು" ಎಂಬ ಮಾತೂ ಅಷ್ಟೇ ಸುಳ್ಳು. ಕಿವುಡುತನವಿದ್ದರೆ ಶ್ರವಣಸಾಧನವು ಹೊರಗಿನ ಧ್ವನಿಗಳನ್ನು ಮರಳಿ ತಂದು ಒಳಗಿನದನ್ನು ಮಸುಕುಗೊಳಿಸಬಲ್ಲದು. ನಿಶ್ಶಬ್ದದಲ್ಲಿ ಮೊರೆತ ಎದ್ದು ಕೇಳುವುದರಿಂದ ರಾತ್ರಿ ಫ್ಯಾನಿನ ಸದ್ದು ಅಥವಾ ಮೆಲುದನಿಯ ಸಂಗೀತ ನಿದ್ರೆಗೆ ಸಹಾಯಕ. ಭಯ, ಚಿಂತೆಗಳು ಮೊರೆತವನ್ನು ಅಸಹನೀಯವಾಗಿಸುತ್ತವೆ. ಈ ಚಕ್ರವನ್ನು ಮುರಿಯುವ ಅರಿವು-ವರ್ತನಾ ಚಿಕಿತ್ಸೆಯಿಂದ ಸದ್ದು ಉಳಿದರೂ ಸಂಕಟ ತಗ್ಗುತ್ತದೆ.

ಒಂದೇ ಕಿವಿಯಲ್ಲಿ ಮೊರೆತ, ನಾಡಿಬಡಿತದ ಲಯದ ಸದ್ದು, ತಲೆಸುತ್ತು ಇದ್ದರೆ ತಪಾಸಣೆಗೆ ವಿಳಂಬ ಸಲ್ಲದು. ಹಠಾತ್ತನೆ ಕಿವಿ ಕೇಳದಾದರೆ ಅಂದೇ ವೈದ್ಯರನ್ನು ಕಾಣಬೇಕು. ದಿನಗಳು ಕಳೆದಂತೆ ಶ್ರವಣಶಕ್ತಿ ಮರಳುವ ಸಂಭವ ಕುಗ್ಗುತ್ತದೆ.

ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಮುಂಬಯಿಯ ಬಾಂದ್ರಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಹಾಗೂ ಸಿಕಂದರಾಬಾದ್, ನೋಯ್ಡಾಗಳಲ್ಲಿರುವ ಅದರ ಪ್ರಾದೇಶಿಕ ಕೇಂದ್ರಗಳಲ್ಲಿ ಶ್ರವಣ ಪರೀಕ್ಷೆಯ ಸೌಲಭ್ಯವಿದೆ. ಹೋಗುವಾಗ ಸೇವಿಸುತ್ತಿರುವ ಎಲ್ಲ ಔಷಧಿಗಳ ಚೀಟಿಯನ್ನು ಜೊತೆಗೊಯ್ಯುವುದು ಒಳಿತು.